ನೀವು ಬರುವುದು ನಾಯಿಗೆ ಮೊದಲೇ ಹೇಗೆ ಗೊತ್ತಾಗುತ್ತೆ?

ನಾಯಿ ಸಾಕಿದವರ ಮನೆಯಲ್ಲಿ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. "ಇವರ ಗಾಡಿ ಇನ್ನೂ ತಿರುವಿಗೂ ಬಂದಿರಲ್ಲ, ಅಷ್ಟರಲ್ಲೇ ಇದು ಎದ್ದು ಬಾಗಿಲ ಹತ್ತಿರ ಹೋಗಿ ಕೂತಿರುತ್ತೆ." ಹೇಳುವವರ ದನಿಯಲ್ಲಿ ಅರ್ಧ ಬೆರಗು, ಅರ್ಧ ಹೆಮ್ಮೆ. ಕೇಳಿದವರೂ ಸುಮ್ನೆ ಇರಲ್ಲ, ತಮ್ಮ ನಾಯಿಯ ಕಥೆ ತೆಗೆಯುತ್ತಾರೆ. ಹುಷಾರಿಲ್ಲದ ದಿನ ಮಂಚದ ಪಕ್ಕದಿಂದ ಕದಲಲೇ ಇಲ್ಲ, ಮನೆಯವರೊಬ್ಬರು ದೂರದಲ್ಲಿ ತೀರಿಕೊಂಡ ರಾತ್ರಿ ಊಳಿಟ್ಟಿತು, ಹೀಗೆ. ಕೊನೆಗೆ ಎಲ್ಲರೂ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಅದಕ್ಕೆ ಆರನೇ ಇಂದ್ರಿಯ ಇದೆ.

ಇದೆಯಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಣ್ಣು, ಕಿವಿ, ಮೂಗಿನ ಹಂಗಿಲ್ಲದೆ, ಯಜಮಾನನ ಮನಸ್ಸಿನಿಂದ ನೇರ ನಾಯಿಯ ಮನಸ್ಸಿಗೆ ಸುದ್ದಿ ಹೋಗುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ನಾವು ಹೋದಲ್ಲೆಲ್ಲ ನಮ್ಮ ಬಗ್ಗೆ ಸುಳಿವು ಚೆಲ್ಲಿಕೊಂಡೇ ಓಡಾಡುತ್ತೇವೆ. ಅದು ನಮಗೆ ಗೊತ್ತಾಗಲ್ಲ, ನಾಯಿಗೆ ಗೊತ್ತಾಗುತ್ತದೆ. ವಿಷಯ ಇರುವುದು ಅಲ್ಲಿ.

ಈ ಪ್ರಶ್ನೆಯನ್ನು ಕ್ಯಾಮೆರಾ ಇಟ್ಟು ಪರೀಕ್ಷೆ ಮಾಡಿದವರಿದ್ದಾರೆ. ಅದರಲ್ಲಿ ಹೆಸರಾದದ್ದು ಜೇಟೀ ಎಂಬ ಬೆರಕೆ ಟೆರಿಯರ್ ನಾಯಿಯ ಕಥೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ರ‍್ಯಾಮ್ಸ್‌ಬಾಟಮ್‌ನಲ್ಲಿ ಅದರ ಒಡತಿ ತಂದೆ ತಾಯಿಯ ಪಕ್ಕದಲ್ಲೇ ಇದ್ದರು. ಹೊರಗೆ ಹೋಗುವಾಗ ನಾಯಿಯನ್ನು ಅವರ ಹತ್ತಿರ ಬಿಟ್ಟು ಹೋಗುತ್ತಿದ್ದರು. ಮಗಳು ಎಲ್ಲಿಂದಲೋ ಮನೆಗೆ ಹೊರಡುತ್ತಿದ್ದ ಹಾಗೆ ಜೇಟೀ ಎದ್ದು ಕಿಟಕಿಗೆ ಹೋಗಿ ಕಾಯುತ್ತದೆ ಅಂತ ಅವರ ಗಮನಕ್ಕೆ ಬಂತು. ರೂಪರ್ಟ್ ಶೆಲ್ಡ್ರೇಕ್ ಎಂಬ ಜೀವವಿಜ್ಞಾನಿ ಇದರ ಬೆನ್ನು ಹತ್ತಿದರು. 1994ರಲ್ಲಿ ಆಸ್ಟ್ರಿಯಾದ ಟಿವಿಯವರು ಒಂದು ಕ್ಯಾಮೆರಾ ನಾಯಿಯ ಮೇಲೆ, ಇನ್ನೊಂದು ಒಡತಿಯ ಮೇಲೆ ಇಟ್ಟು ಚಿತ್ರಿಸಿದರು. ಒಡತಿ ಮನೆಗೆ ಹೊರಟರು, ಇತ್ತ ನಾಯಿ ಕಿಟಕಿಗೆ ಹೋಯಿತು. ನೋಡಿದವರು ದಂಗಾದರು. ಪತ್ರಿಕೆಗಳಿಗೆ ಹಬ್ಬ.

ಮರುವರ್ಷ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಇದೇ ನಾಯಿಯ ಮೇಲೆ ನಾಲ್ಕು ಪರೀಕ್ಷೆ ಮಾಡಿದರು. ಅವರು ಹಾಕಿಕೊಂಡ ಕಟ್ಟಳೆ ನೋಡಿ. ಒಡತಿ ಯಾವಾಗ ಹೊರಡಬೇಕು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಕುರುಡಾಗಿ ಆರಿಸುವುದು. ಮನೆಯಲ್ಲಿದ್ದವರಿಗೆ ಆ ಹೊತ್ತು ತಿಳಿಸದಿರುವುದು. ಕಿಟಕಿಯ ಮುಂದೆ ಕ್ಯಾಮೆರಾವನ್ನು ಇಡೀ ಹೊತ್ತು ಓಡಿಸುವುದು, ಬರುವ ಹೊತ್ತಿನಲ್ಲಿ ಮಾತ್ರ ಅಲ್ಲ. ಈ ಕೊನೆಯದೇ ಮುಖ್ಯ. ಇಡೀ ಟೇಪ್ ನೋಡಿದರೆ ಜೇಟೀ ಒಂದು ಸಲ ಅಲ್ಲ, ಹಲವು ಸಲ ಕಿಟಕಿಗೆ ಹೋಗಿ ಬರುತ್ತಿತ್ತು. ಅದರಲ್ಲಿ ಯಾವುದು "ಬರ್ತಿದ್ದಾರೆ" ಎನ್ನುವ ಸೂಚನೆ, ಯಾವುದು ಹೊರಗೆ ದಾರಿಯಲ್ಲಿ ಹೋಗುವ ಇನ್ನೊಂದು ನಾಯಿಯನ್ನು ನೋಡೋಕೆ? ಪರೀಕ್ಷೆಗೆ ಮುಂಚೆ ಗೊತ್ತು ಮಾಡಿಕೊಂಡ ಅಳತೆಯ ಪ್ರಕಾರ ನಾಲ್ಕರಲ್ಲಿ ಒಂದರಲ್ಲೂ ನಾಯಿ ಸರಿಯಾದ ಹೊತ್ತನ್ನು ಸೂಚಿಸಲಿಲ್ಲ. 1998ರಲ್ಲಿ ಈ ವರದಿ ಅಚ್ಚಾಯಿತು.

ಶೆಲ್ಡ್ರೇಕ್ ಒಪ್ಪಲಿಲ್ಲ. ಹೊರಡುವ ಹೊತ್ತನ್ನು ಕುರುಡಾಗಿ ಆರಿಸಿದ 12 ಪರೀಕ್ಷೆಗಳನ್ನು ಅವರೂ ಟೇಪ್ ಮಾಡಿದ್ದರು. ಒಡತಿ ಹೊರಗಿದ್ದಾಗ ಜೇಟೀ ಕಿಟಕಿಯ ಹತ್ತಿರ ಕಳೆದದ್ದು ಶೇಕಡ 4 ಹೊತ್ತು, ಮನೆಗೆ ಬರುತ್ತಿದ್ದಾಗ ಶೇಕಡ 55 ಎಂದು ಅವರ ಲೆಕ್ಕ. ವೈಸ್‌ಮನ್ ಅವರ ಟೇಪಿನಲ್ಲೂ ಇದೇ ಕಾಣುತ್ತದೆ ಎಂದು ವಾದ ಮಾಡಿದರು. ಅಂಕಿ ನೋಡಿದರೆ ದೊಡ್ಡದೇ. ಆದರೆ ಒಂದು ತೊಡಕಿದೆ. ಯಾರಾದರೂ ಹೊರಗೆ ಹೋಗಿ ಜಾಸ್ತಿ ಹೊತ್ತಾದಷ್ಟೂ ನಾಯಿಯ ಚಡಪಡಿಕೆ ಹೆಚ್ಚುತ್ತದೆ, ಕಿಟಕಿಗೆ ಹೋಗಿ ನೋಡುವುದೂ ಹೆಚ್ಚುತ್ತದೆ. ಮನೆಗೆ ಬರುವ ಹೊತ್ತು ಯಾವಾಗಲೂ ಕೊನೆಯಲ್ಲೇ ಇರುತ್ತದೆ, ಅಲ್ವಾ? ಹಾಗಾಗಿ ಕೊನೆಯ ತುಂಡನ್ನು ಮಾತ್ರ ಬೇರೆ ಮಾಡಿ ಅಳೆದರೆ ಅದು ದೊಡ್ಡದಾಗಿ ಕಾಣುವುದು ಸಹಜ. ಇದಕ್ಕೂ ಶೆಲ್ಡ್ರೇಕ್ ಉತ್ತರ ಕೊಟ್ಟರು, ಒಡತಿ ಬಾರದ ಸಂಜೆಗಳ ಟೇಪ್ ತೋರಿಸಿದರು. ವಾದ ಹಾಗೇ ನಿಂತಿತು. ನನಗೆ ಕಾಣುವುದು ಇಷ್ಟು: ಇಷ್ಟು ದೊಡ್ಡ ಮಾತನ್ನು ಒಂದೆರಡು ನಾಯಿಯ ಮೇಲೆ ನಿಲ್ಲಿಸೋಕೆ ಆಗಲ್ಲ. ಬೇರೆ ಬೇರೆ ಲ್ಯಾಬಿನವರು, ಬೇರೆ ಬೇರೆ ನಾಯಿಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣಬೇಕಿತ್ತು. ಕಂಡಿಲ್ಲ.

ಸರಿ, ಹಾಗಾದರೆ ಬಾಗಿಲಿಗೆ ಹೋಗಿ ಕೂರುವುದು ಸುಳ್ಳಾ? ಸುಳ್ಳಲ್ಲ. ಅದಕ್ಕೆ ದಾರಿಗಳು ಬೇರೆ ಇವೆ.

ಮೊದಲು ಕಿವಿ. ಮನುಷ್ಯರಿಗೆ ಕೇಳುವುದು ಸುಮಾರು 20,000 ಹರ್ಟ್ಸ್ ತನಕ, ನಾಯಿಗೆ ಸುಮಾರು 45,000 ಹರ್ಟ್ಸ್ ತನಕ. ಹರ್ಟ್ಸ್ ಜಾಸ್ತಿಯಾದಷ್ಟೂ ಸದ್ದು ಕೀರಲು. ಆದರೆ ದೂರದ ಗಾಡಿ ಗುರುತಿಸೋಕೆ ಈ ಕೀರಲು ಸದ್ದು ಅಷ್ಟೇನೂ ನೆರವಾಗಲ್ಲ. ಕೀರಲು ಸದ್ದು ಗಾಳಿಯಲ್ಲಿ ಬೇಗ ಸೋರಿಹೋಗುತ್ತದೆ. ನೆರವಾಗುವುದು ಗುರುತು ಹಿಡಿಯುವ ಶಕ್ತಿ. ನಿಮ್ಮ ಗಾಡಿಯ ಎಂಜಿನ್ ಗೇರ್ ಇಳಿಸುವಾಗ ಮಾಡುವ ಸದ್ದು, ಗೇಟಿನ ಚಿಲಕ, ಮೆಟ್ಟಿಲ ಮೇಲೆ ಒಂದು ಕಾಲು ಸ್ವಲ್ಪ ಜೋರಾಗಿ ಬೀಳುವುದು. ನಿಮಗೆ ಅದೆಲ್ಲ ಬರೀ ಗದ್ದಲ. ದಿನಾ ಅದಕ್ಕಾಗಿಯೇ ಕಿವಿ ನಿಗುರಿಸಿ ಮಲಗಿದವನಿಗೆ ಅದು ನಿಮ್ಮ ಹೆಸರು. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ಒಂದು ಪ್ರಯೋಗ ನಡೆಯಿತು. ನಾಯಿಗೆ ಯಜಮಾನನ ದನಿ ಕೇಳಿಸಿ, ಆಮೇಲೆ ಪರದೆಯ ಮೇಲೆ ಒಂದು ಮುಖ ತೋರಿಸಿದರು. ದನಿ ಯಜಮಾನನದು, ಮುಖ ಬೇರೆಯವರದು ಆದಾಗ ನಾಯಿಗಳು ಆ ಮುಖವನ್ನು ಜಾಸ್ತಿ ಹೊತ್ತು ನೋಡಿದವು. ಅಂದರೆ ದನಿ ಕೇಳಿದ ಕೂಡಲೇ ಯಾವ ಮುಖ ಬರಬೇಕು ಅನ್ನುವುದು ಅವಕ್ಕೆ ಮನಸ್ಸಿನಲ್ಲಿತ್ತು.

ಇನ್ನು ಮೂಗು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ವಾಸನೆ ಹಿಡಿಯುವ ಕೋಶಗಳು ಮನುಷ್ಯರಲ್ಲಿ 50-60 ಲಕ್ಷ ಇದ್ದರೆ, ನಾಯಿಗಳಲ್ಲಿ ತಳಿಯ ಮೇಲೆ 30 ಕೋಟಿ ತನಕ ಇವೆ ಎಂದು ಅಂದಾಜು. ಬರೀ ಸಂಖ್ಯೆಯಲ್ಲ, ಕಟ್ಟಡವೂ ಬೇರೆ. ನಾಯಿ ಮೂಸುವಾಗ ಅದರ ಮೂತಿಯನ್ನು ಹತ್ತಿರದಿಂದ ನೋಡಿ. ಹೊಳ್ಳೆಯ ಪಕ್ಕದಲ್ಲಿ ಒಂದು ಸೀಳು ಕಾಣುತ್ತದೆ. ಒಳಗೆ ಎಳೆದ ಗಾಳಿ ಮುಂದಿನಿಂದ ಹೋಗುತ್ತದೆ, ಬಿಡುವ ಗಾಳಿ ಆ ಸೀಳಿನಿಂದ ಹಿಂದಕ್ಕೂ ಪಕ್ಕಕ್ಕೂ ಹೊರಬೀಳುತ್ತದೆ. ಹಾಗಾಗಿ ಮೂಸುತ್ತಿರುವ ಜಾಗದ ವಾಸನೆ ತನ್ನದೇ ಉಸಿರಿಗೆ ಚದುರಲ್ಲ. ಒಳಗೆ ಹೋದ ಗಾಳಿಯಲ್ಲಿ ಒಂದು ಪಾಲು ಶ್ವಾಸಕೋಶಕ್ಕೆ ಹೋಗದೆ, ಮೂಗಿನ ಹಿಂಭಾಗದಲ್ಲಿ ವಾಸನೆಗೆಂದೇ ಇರುವ ಕೋಣೆಗೆ ತಿರುಗುತ್ತದೆ. ನಮ್ಮಲ್ಲಿ ಆ ಬಗೆಯ ಬೇರೆ ಕೋಣೆ ಇಲ್ಲ. ಉಸಿರಾಡುವ ದಾರಿಯಲ್ಲೇ ವಾಸನೆಯೂ ಬಂದು ಹೋಗುತ್ತದೆ.

ಈ ಮೂಗಿಗೆ ಎಷ್ಟು ಸೂಕ್ಷ್ಮ ಗೊತ್ತಾಗುತ್ತದೆ? 2011ರಲ್ಲಿ ಜೆಕ್ ಗಣರಾಜ್ಯದ ಸಂಶೋಧಕರು ಪೊಲೀಸ್ ತರಬೇತಿ ಪಡೆದ ಜರ್ಮನ್ ಶೆಫರ್ಡ್ ನಾಯಿಗಳಿಗೆ ತದ್ರೂಪಿ ಅವಳಿಗಳ ಮೈವಾಸನೆ ಕೊಟ್ಟು ನೋಡಿದರು. ಒಂದೇ ಮನೆಯಲ್ಲಿದ್ದು, ಒಂದೇ ಊಟ ಮಾಡುವ ಅವಳಿಗಳು. ನಾಯಿಗಳು ಇಬ್ಬರನ್ನೂ ಬೇರೆ ಬೇರೆ ಮಾಡಿ ತೋರಿಸಿದವು. ಇನ್ನು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಅವರ ತಂಡ, ಎಂಆರ್‌ಐ ಯಂತ್ರದಲ್ಲಿ ಅಲ್ಲಾಡದೆ ಮಲಗಲು ಕಲಿತ 12 ನಾಯಿಗಳಿಗೆ ಬೇರೆ ಬೇರೆ ವಾಸನೆ ಕೊಟ್ಟಿತು. ಪರಿಚಿತ ಮನುಷ್ಯರ ವಾಸನೆ, ಅಪರಿಚಿತರದು, ಪರಿಚಿತ ನಾಯಿಯದು, ಅಪರಿಚಿತ ನಾಯಿಯದು, ತನ್ನದೇ ವಾಸನೆ. ಒಳ್ಳೆಯದೇನೋ ಸಿಗಲಿದೆ ಎಂದಾಗ ಚುರುಕಾಗುವ ಮಿದುಳಿನ ಭಾಗ ಎಲ್ಲಕ್ಕಿಂತ ಹೆಚ್ಚು ಎದ್ದು ನಿಂತದ್ದು ಪರಿಚಿತ ಮನುಷ್ಯರ ವಾಸನೆಗೆ. ಆ ಮನುಷ್ಯರು ಅಲ್ಲಿರಲೇ ಇಲ್ಲ.

ಮೂಗಿನಿಂದಲೇ ಹೊತ್ತು ತಿಳಿಯಬಹುದು ಎನ್ನುವ ಒಂದು ಊಹೆಯೂ ಇದೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಇದನ್ನು ಮುಂದಿಟ್ಟವರು. ನೀವು ಬೆಳಿಗ್ಗೆ ಮನೆ ಬಿಟ್ಟಾಗ ನಿಮ್ಮ ವಾಸನೆ ಮನೆ ತುಂಬ ಗಾಢವಾಗಿ ಇರುತ್ತದೆ. ಗಂಟೆಗಳು ಕಳೆದ ಹಾಗೆ ತೆಳುವಾಗುತ್ತಾ ಹೋಗುತ್ತದೆ. ದಿನಾ ನೀವು ಬರುವ ಹೊತ್ತಿಗೆ ಅದು ಸುಮಾರು ಒಂದೇ ಮಟ್ಟಕ್ಕೆ ಇಳಿದಿರುತ್ತದೆ. ವಾಸನೆ ಇಷ್ಟಕ್ಕೆ ಇಳಿದರೆ ಬಾಗಿಲು ತೆರೆಯುತ್ತದೆ ಎಂದು ನಾಯಿ ಕಲಿತಿರಬಹುದು. ಇದು ಪಕ್ಕಾ ಆಗಿ ಸಾಬೀತಾದ ವಿಷಯ ಅಲ್ಲ. ಆದರೆ ಪರೀಕ್ಷೆ ಮಾಡಬಹುದಾದ ಊಹೆ, ಅದಕ್ಕೇ ನನಗೆ ಹಿಡಿಸುತ್ತದೆ. ಹೊತ್ತು ಕಳೆದದ್ದು ನಾಯಿಗೆ ತಿಳಿಯುತ್ತದೆ ಎನ್ನುವುದಕ್ಕೆ ಮಾತ್ರ ಸ್ವೀಡನ್ನಿನ ಒಂದು ಅಧ್ಯಯನ ಇದೆ. 2011ರಲ್ಲಿ ನಾಯಿಗಳನ್ನು ಅರ್ಧ ಗಂಟೆ, ಎರಡು ಗಂಟೆ, ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು ನೋಡಿದರು. ಅರ್ಧ ಗಂಟೆಗಿಂತ ಎರಡು ಗಂಟೆ ಬಿಟ್ಟು ಬಂದಾಗ ಸಂಭ್ರಮ ಜೋರಾಗಿತ್ತು. ಎರಡಕ್ಕೂ ನಾಲ್ಕಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಎಲ್ಲರೂ ಮರೆಯುವ ಇನ್ನೊಂದು ದಾರಿ ಇದೆ: ಮನೆಯಲ್ಲೇ ಕೂತವರು. ನೀವು ಬರುವ ಹೊತ್ತಾಯಿತು ಅಂತ ಅವರು ಗಡಿಯಾರ ನೋಡುತ್ತಾರೆ, ಕುರ್ಚಿಯಿಂದ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ, ಕಿಟಕಿ ಕಡೆ ಕಣ್ಣು ಹಾಯಿಸುತ್ತಾರೆ. ಅವರಿಗೇ ಅದರ ಅರಿವಿರಲ್ಲ. ಪ್ರಾಣಿಗಳು ಇಂಥದ್ದನ್ನು ಎಷ್ಟು ಚೆನ್ನಾಗಿ ಓದುತ್ತವೆ ಎನ್ನುವುದು ಗೊತ್ತಾಗಿದ್ದು ಒಂದು ಕುದುರೆಯಿಂದ. ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಕೂಡುವ, ಕಳೆಯುವ ಲೆಕ್ಕಕ್ಕೆ ಗೊರಸು ಬಡಿದು ಸರಿಯುತ್ತರ ಕೊಡುತ್ತಿತ್ತು. 1904ರಲ್ಲಿ ತಜ್ಞರ ಸಮಿತಿ ಬಂದು ನೋಡಿ, ಮೋಸವೇನೂ ಇಲ್ಲ ಎಂದಿತು. ಮೋಸ ನಿಜಕ್ಕೂ ಇರಲಿಲ್ಲ. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಗುಟ್ಟು ಬಿಡಿಸಿದರು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಎದುರು ನಿಂತವರ ತಲೆ ಕೂದಲೆಳೆಯಷ್ಟು ಅಲುಗಾಡುತ್ತಿತ್ತು, ಅದನ್ನು ನೋಡಿ ಹಾನ್ಸ್ ಗೊರಸು ನಿಲ್ಲಿಸುತ್ತಿತ್ತು. ಕುದುರೆಗೇ ಇಷ್ಟಾದರೆ, ಸಾವಿರಾರು ವರ್ಷ ಮನುಷ್ಯರ ಮುಖ ನೋಡಿಕೊಂಡೇ ಬದುಕಿದ ನಾಯಿಗೆ ಇನ್ನೆಷ್ಟು!

ಇದರ ಜೊತೆಗೆ ನಮ್ಮ ನೆನಪಿನ ಚಾಳಿ ಸೇರಿಸಿ. ನಾಯಿ ದಿನಕ್ಕೆ ಹತ್ತು ಸಲ ಬಾಗಿಲಿಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಒಂಬತ್ತು ಸಲ ಯಾರೂ ಬರಲ್ಲ, ಅದು ಯಾರಿಗೂ ನೆನಪಿರಲ್ಲ. ಹತ್ತನೇ ಸಲ ನೀವು ಬರುತ್ತೀರಿ, ಅದು ಕಥೆಯಾಗುತ್ತದೆ. ಈಜಿಪ್ಟಿನ ಪ್ರಾಚೀನ ದೊರೆ ತುತಾಂಖಾಮನ್ ಗೋರಿ ತೆಗೆಸಿದ ಲಾರ್ಡ್ ಕಾರ್ನಾರ್ವನ್ 1923ರ ಏಪ್ರಿಲ್ 5ರಂದು ಕೈರೋದಲ್ಲಿ ಸತ್ತಾಗ, ಅದೇ ಗಳಿಗೆಯಲ್ಲಿ ಇಂಗ್ಲೆಂಡಿನ ಅವರ ಮನೆಯಲ್ಲಿ ಸೂಸಿ ಎಂಬ ನಾಯಿ ಊಳಿಟ್ಟು ಪ್ರಾಣ ಬಿಟ್ಟಿತು ಎನ್ನುತ್ತಾರೆ. ಹೇಳುವವರು ಕೈರೋ ಗಡಿಯಾರಕ್ಕೂ ಲಂಡನ್ ಗಡಿಯಾರಕ್ಕೂ ಎರಡು ಗಂಟೆ ಅಂತರ ಇದೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ.

ಬರುವ ಹೊತ್ತಿನ ಕಥೆಗಿಂತ ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ಮನಸ್ಸಿನ ಕಥೆ. ನೀವು ಬೇಜಾರಿನಲ್ಲಿದ್ದೀರಿ, ಒಂದು ಮಾತೂ ಆಡಿಲ್ಲ. ನಾಯಿ ಬಂದು ತೊಡೆಯ ಮೇಲೆ ಗಲ್ಲ ಇಡುತ್ತದೆ. ಇದರ ಹಿಂದೆ ಏನಿದೆ ಎನ್ನುವುದಕ್ಕೆ ಉತ್ತರ ಆರನೇ ಇಂದ್ರಿಯದಲ್ಲಿ ಅಲ್ಲ, ಬೆವರಿನಲ್ಲಿ ಸಿಕ್ಕಿತು. 2022ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು 36 ಜನರಿಗೆ ಒಂದು ಕಾಟದ ಕೆಲಸ ಕೊಟ್ಟರು. 9000ದಿಂದ ಶುರುಮಾಡಿ ಹದಿನೇಳು ಹದಿನೇಳಾಗಿ ಕಳೆಯುತ್ತಾ, ಪರೀಕ್ಷಕರ ಮುಂದೆ ಜೋರಾಗಿ ಹೇಳಬೇಕು. ಲೆಕ್ಕಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಅವರ ಬೆವರು ಮತ್ತು ಉಸಿರನ್ನು ಬಟ್ಟೆಯ ತುಂಡಿನಲ್ಲಿ ಹಿಡಿದರು. ತರಬೇತಿ ಪಡೆದ ನಾಲ್ಕು ನಾಯಿಗಳು ಒತ್ತಡದ ಬಟ್ಟೆ ಯಾವುದು ಅಂತ ಶೇಕಡ 93.75ರಷ್ಟು ಸಲ ಸರಿಯಾಗಿ ಗುರುತಿಸಿದವು. ಇಲ್ಲಿ ಗಮನಿಸಬೇಕಾದ್ದು, ಆ ಬೆವರು ಅವುಗಳ ಯಜಮಾನರದಲ್ಲ. ಯಾರೋ ಅಪರಿಚಿತರದು. ಪ್ರೀತಿಯ ನಂಟು ಬೇಕಾಗಲೇ ಇಲ್ಲ, ಮೂಗು ಸಾಕಾಯಿತು.

ನಂಟಿಗೂ ಅದರದೇ ಜಾಗ ಇದೆ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದ ತಂಡ ತೋರಿಸಿದ ಹಾಗೆ, ನಾಯಿ ಮತ್ತು ಯಜಮಾನ ಒಬ್ಬರನ್ನೊಬ್ಬರು ಜಾಸ್ತಿ ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿಗೂ ಮಗುವಿಗೂ ನಡುವೆ ಕೆಲಸ ಮಾಡುವ ಹಾರ್ಮೋನು ಅದು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹೀಗಾಗಲಿಲ್ಲ. 2019ರಲ್ಲಿ ಸ್ವೀಡನ್ನಿನ ಲಿಂಶಾಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅಳೆದರು. ಒಡತಿಯಲ್ಲಿ ತಿಂಗಳುಗಟ್ಟಲೆ ಜಾಸ್ತಿ ಇದ್ದಲ್ಲಿ ನಾಯಿಯಲ್ಲೂ ಜಾಸ್ತಿ. ಮಜಾ ಏನೆಂದರೆ, ಇದು ಕಂಡದ್ದು ಕುರಿ ಕಾಯುವ ತಳಿಗಳಲ್ಲಿ. ಮುಂದೆ ಅದೇ ತಂಡ ಒಂಟಿಯಾಗಿ ಬೇಟೆಯಾಡುವ ತಳಿಗಳನ್ನೂ ಬಹಳ ಹಳೆಯ ತಳಿಗಳನ್ನೂ ನೋಡಿದಾಗ ಈ ಹೊಂದಾಣಿಕೆ ಸಿಗಲಿಲ್ಲ. ಮನಸ್ಸಿನಿಂದ ಮನಸ್ಸಿಗೆ ಹೋಗುವ ಶಕ್ತಿ ಆಗಿದ್ದರೆ ಅದು ತಳಿ ಕೇಳಿ ಹೋಗುತ್ತಿತ್ತಾ? ಮನುಷ್ಯನ ಮುಖ, ಕೈಸನ್ನೆ ನೋಡಿ ಕೆಲಸ ಮಾಡಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ನಾಯಿಗಳಲ್ಲಿ ಕಾಣುವುದು ಅರ್ಥವಾಗುವ ಮಾತು.

ಕಾಯಿಲೆಯ ವಿಷಯವೂ ಹೀಗೇ. ಒಬ್ಬಾಕೆಯ ಕಾಲಿನ ಮಚ್ಚೆಯೊಂದನ್ನು ಅವರ ನಾಯಿ ಬಿಡದೆ ಮೂಸುತ್ತಿತ್ತು, ಡಾಕ್ಟರಿಗೆ ತೋರಿಸಿದಾಗ ಅದು ಚರ್ಮದ ಕ್ಯಾನ್ಸರ್ ಆಗಿತ್ತು ಎಂದು 1989ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪುಟ್ಟ ಪತ್ರವೊಂದು ಬಂತು. ಅಲ್ಲಿಂದಾಚೆಗೆ ಇದರ ಮೇಲೆ ಸಾಕಷ್ಟು ಕೆಲಸ ನಡೆದಿದೆ. 2019ರಲ್ಲಿ ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದವರ ಅಧ್ಯಯನದಲ್ಲಿ ತರಬೇತಿ ಪಡೆದ ಐದು ನಾಯಿಗಳು ಮೂರ್ಛೆ ಬಂದಾಗಿನ ಮೈವಾಸನೆಯನ್ನು ಬೇರೆ ಹೊತ್ತಿನ ವಾಸನೆಯಿಂದ ಬೇರ್ಪಡಿಸಿ ತೋರಿಸಿದವು. ಹಾಗಂತ ನಿಮ್ಮ ನಾಯಿ ಎಲ್ಲಾದರೂ ಮೂಸಿದ ಕೂಡಲೇ ಗಾಬರಿಯಾಗಬೇಡಿ. ಹೆಚ್ಚಿನ ಸಲ ಅಲ್ಲಿ ಏನಾದರೂ ತಿಂಡಿ ಬಿದ್ದಿರುತ್ತದೆ, ಅಷ್ಟೇ. ಒಂದೇ ಜಾಗವನ್ನು ದಿನಗಟ್ಟಲೆ ಬಿಡದೆ ಹಿಡಿದರೆ ಮಾತ್ರ ಡಾಕ್ಟರಿಗೆ ತೋರಿಸಿದರೆ ನಷ್ಟವೇನಿಲ್ಲ.

ಈಗ ಇನ್ನೊಂದು ಬದಿ. ನಾಯಿಗೆ ನಮ್ಮ ಮನಸ್ಸು ಓದೋಕೆ ಬರುವುದಾದರೆ, ಎಲ್ಲಿ ಖಂಡಿತ ಓದಬೇಕಿತ್ತೋ ಅಲ್ಲಿ ಓದಿದೆಯಾ? 2006ರಲ್ಲಿ ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಯಜಮಾನರಿಗೆ ನಾಟಕ ಆಡಲು ಹೇಳಿದರು. ಬಯಲಿನಲ್ಲಿ ನಡೆಯುತ್ತಾ ನಡೆಯುತ್ತಾ ಎದೆ ಹಿಡಿದುಕೊಂಡು ಕುಸಿದು ಬೀಳಬೇಕು, ಅಲುಗಾಡಬಾರದು. ಸ್ವಲ್ಪ ದೂರದಲ್ಲಿ ಯಾರೋ ಕೂತು ಓದುತ್ತಿರುತ್ತಾರೆ. ನಾಯಿ ಅವರನ್ನು ಕರೆತರುತ್ತದಾ? ಯಾವುದೂ ಕರೆತರಲಿಲ್ಲ. ಮೂಸಿದವು, ಸುತ್ತ ತಿರುಗಿದವು, ಕೆಲವು ತಮ್ಮ ಪಾಡಿಗೆ ಅಡ್ಡಾಡಿದವು. ಇನ್ನೊಂದು ಪರೀಕ್ಷೆಯಲ್ಲಿ ಯಜಮಾನನ ಮೇಲೆ ಪುಸ್ತಕದ ಕಪಾಟು ಬಿದ್ದ ಹಾಗೆ ಮಾಡಿದರು, ಅಲ್ಲೂ ಅದೇ ಕಥೆ. ನಾಟಕ ಅಂತ ನಾಯಿಗೆ ಗೊತ್ತಾಗಿರಬಹುದು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾಟಕದವನ ಮೈಯಿಂದ ನಿಜವಾದ ಭಯದ ವಾಸನೆ ಬರಲ್ಲವಲ್ಲ!

2020ರಲ್ಲಿ ಅರಿಝೋನಾದಲ್ಲಿ ಇದನ್ನು ಇನ್ನೂ ಜಾಣತನದಿಂದ ಮಾಡಿದರು. ಯಜಮಾನ ದೊಡ್ಡ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡು ಸಹಾಯಕ್ಕೆ ಕೂಗುತ್ತಾನೆ. 60 ನಾಯಿಗಳಲ್ಲಿ 20 ಪೆಟ್ಟಿಗೆ ತೆರೆದವು. ಬರೀ ಮೂರನೇ ಒಂದಾ ಅನ್ನಬೇಡಿ. ಅದೇ ಪೆಟ್ಟಿಗೆಯಲ್ಲಿ ತಿಂಡಿ ಹಾಕಿದಾಗ ತೆರೆದದ್ದು 19. ಅಂದರೆ ಉಳಿದವಕ್ಕೆ ಮನಸ್ಸಿರಲಿಲ್ಲ ಅಂತಲ್ಲ, ತೆರೆಯೋದು ಹೇಗೆ ಅಂತ ಗೊತ್ತಾಗಲಿಲ್ಲ. ನಮ್ಮ ಸಂಕಟ ಅವಕ್ಕೆ ತಟ್ಟುತ್ತದೆ. ಅದಕ್ಕೆ ಏನು ಮಾಡಬೇಕು ಎನ್ನುವುದು ಬೇರೆ ಮಾತು.

ನಾವು ಕೂಡ ನಾಯಿಯನ್ನು ಅಂದುಕೊಂಡಷ್ಟು ಚೆನ್ನಾಗಿ ಓದಲ್ಲ. ಮನೆಯಲ್ಲಿ ಏನಾದರೂ ಹರಿದು ಹಾಕಿದಾಗ ಕಿವಿ ಇಳಿಸಿ, ಓರೆಗಣ್ಣಿನಿಂದ ನೋಡುತ್ತದಲ್ಲ, "ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಅನ್ನುತ್ತೇವೆ. ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ಇದನ್ನು ನೋಡಿದರು. ಆ ಮುಖ ಬಂದದ್ದು ತಪ್ಪು ಮಾಡಿದಾಗ ಅಲ್ಲ, ಯಜಮಾನ ಗದರಿದಾಗ. ತಪ್ಪೇ ಮಾಡದ ನಾಯಿಯನ್ನು ಗದರಿದರೂ ಅದೇ ಮುಖ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಮಾಷೆ. ನಮಗಿಲ್ಲದ ಇಂದ್ರಿಯ ಎಂಬ ಅರ್ಥದಲ್ಲಿ ನಾಯಿಗೆ ಆರನೆಯದು, ಏಳನೆಯದು ಇರಬಹುದು. ಸ್ವೀಡನ್ನಿನ ಲುಂಡ್ ಮತ್ತು ಹಂಗೇರಿಯ ಸಂಶೋಧಕರು 2020ರಲ್ಲಿ ತೋರಿಸಿದ ಹಾಗೆ, ನಾಯಿಯ ತಣ್ಣನೆಯ ಒದ್ದೆ ಮೂಗಿನ ತುದಿಗೆ ದೂರದ ಸಣ್ಣ ಶಾಖ ತಿಳಿಯುತ್ತದೆ. ಒಂದೂವರೆ ಮೀಟರಿಗಿಂತ ಆಚೆ ಇಟ್ಟ ಎರಡು ವಸ್ತುಗಳಲ್ಲಿ ಸ್ವಲ್ಪ ಬೆಚ್ಚಗಿರುವುದನ್ನು ಅವು ಆರಿಸಿದವು. ಭೂಮಿಯ ಕಾಂತಕ್ಷೇತ್ರವೂ ಅವಕ್ಕೆ ತಿಳಿಯಬಹುದು. ಜೆಕ್ ಮತ್ತು ಜರ್ಮನ್ ಸಂಶೋಧಕರು 70 ನಾಯಿಗಳು ಮಲ ವಿಸರ್ಜನೆಗೆ ಕೂರುವ ದಿಕ್ಕನ್ನು 1,893 ಸಲ ಬರೆದಿಟ್ಟುಕೊಂಡು, ಕಾಂತಕ್ಷೇತ್ರ ಶಾಂತವಾಗಿದ್ದಾಗ ಅವು ಉತ್ತರ-ದಕ್ಷಿಣಕ್ಕೆ ಕೂರಲು ಇಷ್ಟಪಡುತ್ತವೆ ಎಂದು 2013ರಲ್ಲಿ ಹೇಳಿದರು. ವಿಜ್ಞಾನಕ್ಕಾಗಿ ಮನುಷ್ಯರು ಏನೆಲ್ಲ ಮಾಡುತ್ತಾರೆ ನೋಡಿ. 2020ರಲ್ಲಿ ಕೊರಳಿಗೆ ಜಿಪಿಎಸ್ ಕಟ್ಟಿದ ಬೇಟೆ ನಾಯಿಗಳು ಕಾಡಿನಿಂದ ಯಜಮಾನನ ಹತ್ತಿರ ವಾಪಸು ಹೊರಡುವ ಮುಂಚೆ ಸುಮಾರು 20 ಮೀಟರ್ ಉತ್ತರ-ದಕ್ಷಿಣವಾಗಿ ಓಡಿ, ಆಮೇಲೆ ತಿರುಗುವುದು ಕಂಡಿತು. ಹಾಗೆ ಓಡಿದವು ಹೆಚ್ಚು ನೇರ ದಾರಿಯಲ್ಲಿ ಬಂದು ಸೇರಿದವು. ಇವೆಲ್ಲ ನಂಟಿನ ಇಂದ್ರಿಯಗಳಲ್ಲ, ಬದುಕಲು ಬೇಕಾದ ಇಂದ್ರಿಯಗಳು.

ನಂಟಿನ ಮಾತು ಬಂದಾಗ ಹಾಚಿಕೊನನ್ನು ಬಿಡೋಕಾಗಲ್ಲ. ಟೋಕಿಯೋದ ಪ್ರೊಫೆಸರ್ ಹಿದೆಸಬುರೊ ಉಎನೊ ಅವರ ನಾಯಿ ಅದು. 1925ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಹಾಚಿಕೊ 1935ರ ಮಾರ್ಚಿನಲ್ಲಿ ತಾನು ಸಾಯುವ ತನಕ ಶಿಬುಯಾ ರೈಲು ನಿಲ್ದಾಣಕ್ಕೆ ಹೋಗಿ ಕಾಯುತ್ತಿತ್ತು. ಈ ಕಥೆಯನ್ನು ನಾಯಿ ಮತ್ತು ಯಜಮಾನನ ಅಗೋಚರ ನಂಟಿಗೆ ಸಾಕ್ಷಿ ಎಂದು ಹೇಳುವವರಿದ್ದಾರೆ. ನನಗೆ ಉಲ್ಟಾ ಕಾಣುತ್ತದೆ. ದೂರದಿಂದಲೇ ತಿಳಿಯುವ ಶಕ್ತಿ ಇದ್ದಿದ್ದರೆ, ಇನ್ನು ಬರಲ್ಲ ಅನ್ನುವುದು ಅದಕ್ಕೆ ಮೊದಲ ದಿನವೇ ತಿಳಿಯಬೇಕಿತ್ತು. ಅದಕ್ಕೆ ಗೊತ್ತಿದ್ದದ್ದು ರೈಲು ಬರುವ ಹೊತ್ತು, ಜಾಗ, ಜನರ ನಡುವೆ ಹುಡುಕಬೇಕಾದ ಒಂದು ವಾಸನೆ.

ನಿಮ್ಮ ನಾಯಿಯನ್ನು ನೀವೇ ಪರೀಕ್ಷೆ ಮಾಡಬೇಕು ಅನ್ನಿಸಿದರೆ ಕಷ್ಟವೇನಿಲ್ಲ. ಹಳೇ ಮೊಬೈಲನ್ನು ಬಾಗಿಲ ಕಡೆ ಮುಖ ಮಾಡಿ ಇಡಿ, ಇಡೀ ಹೊತ್ತು ರೆಕಾರ್ಡ್ ಆಗಲಿ. ಹೊರಡುವ ಹೊತ್ತನ್ನು ನೀವು ಆರಿಸಬೇಡಿ, ಮನೆಯಿಂದ ಹೊರಬಿದ್ದ ಮೇಲೆ ಚೀಟಿ ಎತ್ತಿ. ಮನೆಯಲ್ಲಿದ್ದವರಿಗೆ ಹೇಳಬೇಡಿ, ಮೆಸೇಜೂ ಬೇಡ. ನಿಮ್ಮ ಗಾಡಿ ಬಿಟ್ಟು ಬೇರೆ ಗಾಡಿಯಲ್ಲಿ ಬನ್ನಿ. ಕೆಲವು ಸಂಜೆ ತೀರಾ ತಡವಾಗಿ ಬನ್ನಿ, ಆ ದಿನಗಳ ವಿಡಿಯೋವನ್ನೂ ಅಷ್ಟೇ ಜೋಪಾನವಾಗಿ ನೋಡಿ. ಬಾಗಿಲಿಗೆ ಹೋದದ್ದನ್ನೆಲ್ಲ ಎಣಿಸಿ, ಸರಿಬಿದ್ದದ್ದನ್ನು ಮಾತ್ರ ಅಲ್ಲ. ಎಣಿಸುವ ಕೆಲಸವನ್ನು ನೀವು ಯಾವಾಗ ಹೊರಟಿರಿ ಅನ್ನುವುದು ಗೊತ್ತಿಲ್ಲದವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಮತ್ತೆ, ಮೊಬೈಲನ್ನು ನಾಯಿಯ ಬಾಯಿಗೆ ಎಟುಕದಷ್ಟು ಮೇಲಿಡಿ.